ಇದು ಯಾರ ವಸ್ತು?

ಹಿರಿಯರಿಂದ ಬಂದ ವಸ್ತುಗಳ ವಿಷಯದಲ್ಲಿ ನಾವೆಲ್ಲರೂ ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುತ್ತೇವೆ. ‘ಇದು ನಮ್ಮದು’ ಎಂಬುದು ಒಂದು. ‘ಇದು ನಮ್ಮ ತಂದೆಯವರದು’ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಆಡಿಬಿಡುವುದರಿಂದ ಅವುಗಳ ನಡುವೆ ಇರುವ ವಿರೋಧವು ನಮಗೆ ತೋರುವುದೇ ಇಲ್ಲ. ಕಳೆದ ನವರಾತ್ರಿಯಲ್ಲಿ ನಮ್ಮ ಹನ್ನೆರಡು ವರ್ಷದ ಮೊಮ್ಮಗಳು ಆಯುಧಪೂಜೆಗೆಂದು ಮಣೆಯ ಮೇಲೆ ಇಟ್ಟಿದ್ದ ಹಳೆಯ ಕ್ಯಾಮೆರಾವನ್ನು ತೋರಿಸಿ, “ಅಜ್ಜಾ, ಇದು ಯಾರದು?” ಎಂದು ಕೇಳಿದಳು. “ನಮ್ಮದು, ನಮ್ಮ ತಂದೆಯವರದು” ಎಂದೆವು. “ಎರಡರಲ್ಲಿ ಯಾವುದು?” ಎಂದು ಆಕೆ ಮತ್ತೆ ಕೇಳಿದಳು. ಬಾಲಭಾಷಿತವೆಂದು ನಕ್ಕು ಬಿಡಬಹುದಾಗಿದ್ದ ಈ ಪ್ರಶ್ನೆಗೆ ಉತ್ತರ ಹೇಳಲು ಹೊರಟು ಈ ಲೇಖನವು ಸಿದ್ಧವಾಯಿತು.

ಮೊದಲು ಆ ಕ್ಯಾಮೆರಾದ ಪರಿಚಯವನ್ನು ಹೇಳಬೇಕು. ಅದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ತಯಾರಾದ ಆಗ್ಫಾ ಐಸೊಲೆಟ್ ಎಂಬುದು. ಮುಚ್ಚಿದಾಗ ಕೈಯಲ್ಲಿ ಹಿಡಿಯುವ ಒಂದು ಪೆಟ್ಟಿಗೆ. ಗುಂಡಿಯನ್ನು ಒತ್ತಿದರೆ ಮುಂದಿನ ಬಾಗಿಲು ತೆರೆದು, ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಕಪ್ಪು ತಿದಿಯೊಂದು ಲೆನ್ಸನ್ನು ಹೊತ್ತು ಹೊರಗೆ ಬರುತ್ತದೆ. ಅಪೊಟಾರ್ ಎಂಬ ಹೆಸರಿನ, ಮೂರು ಗಾಜುಗಳ ಲೆನ್ಸು; ಪ್ರೊಂಟರ್ ಎಂಬ ಷಟರ್. 120 ಎಂಬ ಸಂಖ್ಯೆಯ ಅಗಲವಾದ ಫಿಲ್ಮಿನ ಒಂದು ಸುರುಳಿಯಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳು ಮಾತ್ರ ಬರುತ್ತವೆ. ನಮ್ಮ ತಂದೆಯವರು ಲೋಂಡಾ-ಕ್ಯಾಸಲ್‌ರಾಕ್ ಮಾರ್ಗದ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರಾಗಿದ್ದಾಗ, 1956ರಲ್ಲಿ, ಕೈಗೆ ಬಂದ ಬಾಕಿ ಸಂಬಳದಲ್ಲಿ ಅದನ್ನು ಕೊಂಡರು. ಅಂದಿನ ಸಂಸಾರದ ಸ್ಥಿತಿಯಲ್ಲಿ ಅದು ದುಂದುವೆಚ್ಚವೇ ಆಗಿತ್ತೆಂದು ನಮ್ಮ ತಾಯಿಯವರು ಕೊನೆಯವರೆಗೂ ಹೇಳುತ್ತಿದ್ದರು. ಆದರೆ ನಮ್ಮ ಮನೆಯ ಉಪನಯನ, ವಿವಾಹ, ನಾಮಕರಣಗಳಿಗೆ ಇರುವ ಸಾಕ್ಷಿಯೆಲ್ಲವೂ ಆ ದುಂದುವೆಚ್ಚದಿಂದಲೇ ದೊರೆತುದು.

1996ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಧಾರವಾಡದ ಮನೆಯನ್ನು ಬಿಡಿಸುವಾಗ ಆ ಕ್ಯಾಮೆರಾ ನಮ್ಮ ಪಾಲಿಗೆ ಬಂದಿತು. ನಾವು ಅದನ್ನು ಮುಂಬಯಿಗೆ ತಂದು, ರೇಷ್ಮೆಯ ವಸ್ತ್ರದಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ ಇರಿಸಿದೆವು. ಪ್ರತಿ ವರ್ಷ ಮಹಾನವಮಿಯ ದಿನ ಹೊರಗೆ ತೆಗೆದು ಕುಂಕುಮ, ಹೂವು ಏರಿಸಿ ನಮಸ್ಕರಿಸಿ ಮತ್ತೆ ಒಳಗೆ ಇಡುತ್ತಿದ್ದೆವು. ಇಪ್ಪತ್ತಮೂರು ವರ್ಷಗಳ ಕಾಲ ಹೀಗೆ ನಡೆಯಿತು. ತಂದೆಯವರ ವಸ್ತುವನ್ನು ಇಷ್ಟು ಗೌರವದಿಂದ ಕಾಪಾಡಿಕೊಂಡು ಬಂದವರು ಬಂಧುಬಳಗದಲ್ಲಿ ಯಾರೂ ಇಲ್ಲವೆಂಬ ಸಣ್ಣ ಅಹಂಕಾರವೂ ನಮಗೆ ಇದ್ದಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2019ರಲ್ಲಿ ರೈಲ್ವೆ ಸೇವೆಯಿಂದ ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಅದನ್ನು ನಿಜವಾಗಿ ತೆರೆದು ನೋಡಿದೆವು. ಲೆನ್ಸಿನ ಒಳಗೆ ಬಿಳಿಯ ನೂಲಿನ ಬಲೆಯಂತೆ ಬೂಷ್ಟು ಹಬ್ಬಿತ್ತು. ದೂರವನ್ನು ಹೊಂದಿಸುವ ಉಂಗುರವು ಅಲುಗಲಿಲ್ಲ. ಒಂದು ಸೆಕೆಂಡಿಗೆ ಇಟ್ಟ ಷಟರ್ ತೆರೆದುಕೊಂಡು ಹಾಗೆಯೇ ನಿಂತುಬಿಟ್ಟಿತು. ಆ ಮೇಲೆ ಹಿಂದಿನ ಬಾಗಿಲನ್ನು ತೆರೆದೆವು. ಒಳಗೆ ಒಂದು ಕಾಗದದ ಸುರುಳಿ ಇತ್ತು. ಇದೇನೆಂದು ಬಿಸಿಲು ಬಿದ್ದ ಬಾಲ್ಕನಿಯಲ್ಲಿ ನಿಂತು ಒಂದು ಗೇಣಿನಷ್ಟು ಎಳೆದು ನೋಡಿದೆವು. ಎಳೆದ ಮೇಲೆ ತಿಳಿಯಿತು: ಅದು ತಂದೆಯವರು ಹಾಕಿದ್ದ ಫಿಲ್ಮು, ಅರ್ಧ ಮುಗಿಸಿ, ತೊಳೆಸದೆ ಬಿಟ್ಟಿದ್ದ ಕೊನೆಯ ಫಿಲ್ಮು.

ಕ್ಯಾಮೆರಾದ ಬೆನ್ನಿನಲ್ಲಿ ಒಂದು ಚಿಕ್ಕ ಕೆಂಪು ಕಿಟಕಿ ಇರುತ್ತದೆ. ಫಿಲ್ಮಿನ ಹಿಂಗಾಗದದ ಮೇಲೆ ಅಚ್ಚಾದ ಸಂಖ್ಯೆಯು ಅದರಲ್ಲಿ ಕಾಣುತ್ತದೆ. ತೆರೆಯುವ ಮೊದಲು ಆ ಕಿಟಕಿಯನ್ನು ನೋಡಿದ್ದರೆ ‘8’ ಎಂಬ ಅಂಕಿಯು ಕಾಣುತ್ತಿತ್ತು. ಒಳಗೆ ಏಳು ಚಿತ್ರಗಳು ಇವೆಯೆಂದು ಗೊತ್ತಾಗುತ್ತಿತ್ತು. ಇಪ್ಪತ್ತಮೂರು ನವಮಿಗಳಲ್ಲಿ ಆ ಕಿಟಕಿಯ ಮೇಲೆ ಹೂವು ಇಟ್ಟವರು ನಾವು. ಒಂದು ಸಲವೂ ಅದರೊಳಗೆ ಇಣುಕಿ ನೋಡಿದವರಲ್ಲ. ಒಂದು ಗೇಣು ಎಂದರೆ ನಾಲ್ಕು ಚಿತ್ರಗಳು. ತಂದೆಯವರು ತೆಗೆದ ಕೊನೆಯ ನಾಲ್ಕು ಚಿತ್ರಗಳನ್ನು ಬಿಸಿಲಿಗೆ ಹಿಡಿದು ಅಳಿಸಿದ ಕೈ ನಮ್ಮದು.

ಈ ಪ್ರಸಂಗವನ್ನು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಇಲ್ಲಿ ಹೇಳಲಿಲ್ಲ. ಗೌರವವೆಂದರೆ ಏನೆಂಬುದನ್ನು ವಿಚಾರಿಸಲು ಇದೇ ಉತ್ತಮವಾದ ದೃಷ್ಟಾಂತವೆಂದು ತೋರಿದ್ದರಿಂದ ಹೇಳಿದೆವು. ನಮ್ಮಲ್ಲಿ ಗೌರವಕ್ಕೆ ಕೊರತೆ ಇರಲಿಲ್ಲ. ಕೊರತೆಯಿದ್ದುದು ತಿಳಿವಳಿಕೆಗೆ. ವಸ್ತುವು ಏನು, ಅದು ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಅರಿಯದೆ ಮಾಡಿದ ಗೌರವವು ಆ ವಸ್ತುವನ್ನು ಕೊಲ್ಲಬಲ್ಲುದು. ಲೆನ್ಸಿಗೆ ಬೂಷ್ಟು ಹಿಡಿಯಲು ಕತ್ತಲೆ, ತೇವ, ಗಾಳಿಯಾಡದ ಜಾಗ ಇವಿಷ್ಟೇ ಸಾಕು. ಮುಂಬಯಿಯ ಮಳೆಗಾಲದಲ್ಲಿ ಮುಚ್ಚಿದ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಡುವುದೆಂದರೆ ಬೂಷ್ಟಿಗೆ ಹಾಸಿಗೆ ಹಾಸಿದಂತೆಯೇ. ಯಾವ ರೇಷ್ಮೆಯ ವಸ್ತ್ರವನ್ನು ನಾವು ಮರ್ಯಾದೆಯೆಂದು ತಿಳಿದಿದ್ದೆವೋ ಅದೇ ತೇವವನ್ನು ಹಿಡಿದಿಟ್ಟಿತ್ತು. ಸ್ನೇಹಕ್ಕೆ ಜ್ಞಾನವು ಪೂರ್ವಾಂಗವೆಂಬ ಮಾತನ್ನು ಈ ಪತ್ರಿಕೆಯ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಆ ಮಾತು ಕಪಾಟಿನೊಳಗಿನ ಪೆಟ್ಟಿಗೆಗೂ ಅನ್ವಯಿಸುತ್ತದೆಂಬುದು ಮಾತ್ರ ನಮಗೆ ತಡವಾಗಿ ತಿಳಿಯಿತು.

ಇನ್ನು ಮುಂದಿನ ಪ್ರಶ್ನೆ: ಕೆಟ್ಟುಹೋದ ಈ ವಸ್ತುವನ್ನು ಏನು ಮಾಡಬೇಕು? ಪುಣೆಯಲ್ಲಿರುವ ನಮ್ಮ ತಮ್ಮನ ಅಭಿಪ್ರಾಯವು ಸರಳವಾಗಿತ್ತು. “ಮಾರಿದರೆ ಎಷ್ಟು ಬರುವುದೋ ಅದಕ್ಕಿಂತ ದುರಸ್ತಿಗೆ ಹೆಚ್ಚು ತಗಲುತ್ತದೆ. ಕಿಸೆಯಲ್ಲಿರುವ ಮೊಬೈಲು ಇದಕ್ಕಿಂತ ಚೆನ್ನಾಗಿ ಚಿತ್ರ ತೆಗೆಯುತ್ತದೆ. ತಂದೆಯವರ ನೆನಪು ಬೇಕಾದರೆ ಹಾಗೆಯೇ ಗಾಜಿನ ಪೆಟ್ಟಿಗೆಯಲ್ಲಿ ಇಡು, ಬೇಡವಾದರೆ ಕೊಟ್ಟುಬಿಡು. ನಡುವೆ ಈ ಸಾಹಸವೇಕೆ?” ಎಂದು ಅವನು ಕೇಳಿದನು. ಅವನ ಮಾತಿನಲ್ಲಿ ಯಾವ ಅನಾದರವೂ ಇರಲಿಲ್ಲ. ಲೆಕ್ಕವೂ ತಪ್ಪಾಗಿರಲಿಲ್ಲ. ಆದುದರಿಂದ ಅದಕ್ಕೆ ಸರಿಯಾದ ಉತ್ತರವನ್ನು ಹುಡುಕುವುದು ನಮ್ಮ ಕರ್ತವ್ಯವಾಯಿತು.

ವಸ್ತುವಿನ ಬೆಲೆಯನ್ನು ಮೂರು ದಾರಿಗಳಿಂದ ಅಳೆಯಬಹುದು. ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತದೆ ಎಂಬುದು ಒಂದು. ಏನು ಕೆಲಸಕ್ಕೆ ಬರುತ್ತದೆ ಎಂಬುದು ಎರಡನೆಯದು. ಯಾರನ್ನು ನೆನಪಿಸುತ್ತದೆ ಎಂಬುದು ಮೂರನೆಯದು. ಮೊದಲನೆಯ ಅಳತೆಯಲ್ಲಿ ಐಸೊಲೆಟ್ ಸೋಲುತ್ತದೆ. ಅದು ಸಾಮಾನ್ಯ ಜನರಿಗಾಗಿ ಬಹುಸಂಖ್ಯೆಯಲ್ಲಿ ತಯಾರಾದ ಕ್ಯಾಮೆರಾ, ಅಪರೂಪದ ವಸ್ತುವಲ್ಲ. ಎರಡನೆಯ ಅಳತೆಯಲ್ಲಿ ಮೊಬೈಲಿನ ಮುಂದೆ ಸೋಲುತ್ತದೆ. ಉಳಿದುದು ಸ್ಮರಣೆ. ಆದರೆ ಸ್ಮರಣೆಯೇ ಬೆಲೆಯಾದರೆ ದುರಸ್ತಿಗೆ ಕಾರಣವೇ ಉಳಿಯುವುದಿಲ್ಲ. ಕೆಟ್ಟ ಕ್ಯಾಮೆರಾವು ಕೂಡ ತಂದೆಯವರನ್ನು ಅಷ್ಟೇ ಚೆನ್ನಾಗಿ ನೆನಪಿಸುತ್ತದೆ. ಒಂದು ವೇಳೆ ಹೆಚ್ಚಾಗಿಯೇ ನೆನಪಿಸೀತು. ಹೀಗೆ ಮೂರು ಅಳತೆಗಳಲ್ಲಿ ಯಾವುದೂ ದುರಸ್ತಿಯನ್ನು ಸಮರ್ಥಿಸುವುದಿಲ್ಲ. ಆದರೂ ಅದನ್ನು ಹಾಗೆಯೇ ಬಿಡುವುದು ಸರಿಯಲ್ಲವೆಂದು ಮನಸ್ಸು ಹೇಳುತ್ತಿತ್ತು. ಮನಸ್ಸಿನ ಮಾತೆಲ್ಲವೂ ಪ್ರಮಾಣವಲ್ಲ. ಅದಕ್ಕೆ ಕಾರಣವನ್ನು ಕೇಳಬೇಕು.

ಕಾರಣವನ್ನು ಹುಡುಕುತ್ತ ನಾವು ಧರ್ಮಶಾಸ್ತ್ರದ ವ್ಯವಹಾರಭಾಗದ ಕಡೆಗೆ ಹೋದೆವು. ‘ದಾಯ’ವೆಂಬ ಶಬ್ದಕ್ಕೆ ಮಿತಾಕ್ಷರೆಯು ಕೊಡುವ ಅರ್ಥವು ಹೀಗಿದೆ: ಒಡೆಯನೊಡನೆ ಇರುವ ಸಂಬಂಧವೊಂದರ ನಿಮಿತ್ತದಿಂದಲೇ ಯಾವ ಧನವು ಇನ್ನೊಬ್ಬನ ಸ್ವತ್ತಾಗುವುದೋ ಅದು ದಾಯ. ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದವನು. ಕನ್ನಡನಾಡಿನಲ್ಲಿ ಹುಟ್ಟಿದ ಆ ಗ್ರಂಥವು ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಪ್ರಮಾಣವಾಯಿತು. ಬಂಗಾಳದ ಜೀಮೂತವಾಹನನು, ತಂದೆಯ ಸ್ವತ್ವವು ಅಳಿದ ಮೇಲೆಯೇ ಮಗನಿಗೆ ಸ್ವತ್ವವು ಹುಟ್ಟುತ್ತದೆ ಎಂದನು. ವಿಜ್ಞಾನೇಶ್ವರನಾದರೋ, ಮಗನಿಗೆ ಹುಟ್ಟಿನಿಂದಲೇ ಸ್ವತ್ವವು ಇರುತ್ತದೆ ಎಂದನು. 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಹುಟ್ಟಿನ ಹಕ್ಕನ್ನು ಹೆಣ್ಣುಮಕ್ಕಳಿಗೂ ಸಮಾನವಾಗಿ ಕೊಟ್ಟಿತು.

ತಂದೆಯವರು ಸ್ವಂತ ದುಡಿಮೆಯಿಂದ ಕೊಂಡ ಕ್ಯಾಮೆರಾಕ್ಕೆ ಈ ನ್ಯಾಯವು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬ ನ್ಯಾಯಾಲಯದ ವಾದವನ್ನು ಬದಿಗೆ ಇಡೋಣ. ನಮಗೆ ಬೇಕಾದುದು ಅದರ ಹಿಂದಿನ ತತ್ತ್ವ. ಹುಟ್ಟಿನಿಂದಲೇ ಸ್ವತ್ವವು ಬರುವುದಾದರೆ, ತಂದೆಯು ಬದುಕಿರುವಾಗಲೇ ವಸ್ತುವಿನಲ್ಲಿ ಮಗನೂ ಇದ್ದಾನೆ. ಮಗನ ಕೈಗೆ ಬಂದಾಗ ಅದರಲ್ಲಿ ಮೊಮ್ಮಗಳೂ ಇದ್ದಾಳೆ. ಯಾವ ಕಾಲದಲ್ಲಿಯೂ ಅದು ಒಬ್ಬನೇ ಒಬ್ಬನದಾಗಿ ಇರುವುದಿಲ್ಲ. ಕಪಾಟಿನ ಬೀಗದ ಕೈ ನಮ್ಮ ಬಳಿ ಇದ್ದ ಮಾತ್ರಕ್ಕೆ ಒಳಗಿನದನ್ನು ಹಾಳಾಗಲು ಬಿಡುವ ಅಧಿಕಾರವು ನಮಗೆ ಬರಲಿಲ್ಲ. ಆಕೆ ಕೇಳಿದ ಪ್ರಶ್ನೆಗೆ ಉತ್ತರದ ಮೊದಲನೆಯ ಭಾಗವು ಇಲ್ಲಿ ಸಿಕ್ಕಿತು: ಯಾರದೆಂದು ಕೇಳುವವಳದೂ ಹೌದು.

ಹಾಗಾದರೆ ಅದನ್ನು ನಿಕ್ಷೇಪವೆನ್ನೋಣವೇ? ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಮನುವು ಋಣಾದಾನವನ್ನು ಮೊದಲನೆಯದಾಗಿಯೂ, ನಿಕ್ಷೇಪವನ್ನು ಎರಡನೆಯದಾಗಿಯೂ, ಒಡೆಯನಲ್ಲದವನು ಮಾಡುವ ಅಸ್ವಾಮಿವಿಕ್ರಯವನ್ನು ಮೂರನೆಯದಾಗಿಯೂ ಇಟ್ಟಿದ್ದಾನೆ. ಸಾಲ, ಒತ್ತೆಯಿಟ್ಟ ನಂಬಿಕೆ, ನಮ್ಮದಲ್ಲದುದನ್ನು ನಮ್ಮದೆಂದು ಮಾರುವುದು, ಇವು ಮೂರೂ ಅಕ್ಕಪಕ್ಕದಲ್ಲಿ ನಿಂತಿರುವುದು ಯೋಚನೆಗೆ ಎಡೆಕೊಡುತ್ತದೆ. ನಿಕ್ಷೇಪವನ್ನು ಇಟ್ಟುಕೊಂಡವನು ತನ್ನ ಅಜಾಗರೂಕತೆಯಿಂದ ಅದು ಹಾಳಾದರೆ ಹೊಣೆಗಾರನಾಗುತ್ತಾನೆ. ಈ ಮಾತು ನಮಗೆ ಚೆನ್ನಾಗಿ ಹೊಂದುತ್ತದೆ. ಆದರೆ ನಿಕ್ಷೇಪಕ್ಕೆ ಇನ್ನೊಂದು ನಿಯಮವೂ ಉಂಟು: ಇಟ್ಟುಕೊಂಡವನು ಅದನ್ನು ಉಪಯೋಗಿಸಬಾರದು. ಇಲ್ಲಿ ಹೋಲಿಕೆಯು ಮುರಿದುಬೀಳುತ್ತದೆ. ಯಂತ್ರವು ಉಪಯೋಗಿಸದೆ ಇಟ್ಟರೆ ಕೆಡುತ್ತದೆ. ನಾವು ಇಪ್ಪತ್ತಮೂರು ವರ್ಷ ಕ್ಯಾಮೆರಾವನ್ನು ನಿಕ್ಷೇಪದಂತೆ ಮುಟ್ಟದೆ ಇಟ್ಟೆವು. ಆ ಮುಟ್ಟದಿರುವಿಕೆಯೇ ಅದನ್ನು ಕೆಡಿಸಿತು.

ಹೀಗೆ ದಾಯವೆಂದರೆ ಒಡೆತನವು ಹೆಚ್ಚಾಗುತ್ತದೆ. ನಿಕ್ಷೇಪವೆಂದರೆ ದೂರವು ಹೆಚ್ಚಾಗುತ್ತದೆ. ಇವೆರಡರ ನಡುವಿನ ಶಬ್ದವು ನಮಗೆ ಗ್ರಂಥಗಳಲ್ಲಿ ಸಿಗಲಿಲ್ಲ. ತಂದೆಯವರ ಸ್ಟೇಷನ್ನಿನಲ್ಲಿ ಸಿಕ್ಕಿತು. ರೈಲ್ವೆಯಲ್ಲಿ ಒಬ್ಬ ಸ್ಟೇಷನ್ ಮಾಸ್ತರನು ತನ್ನ ಪಾಳಿಯನ್ನು ಮುಗಿಸುವಾಗ ಮುಂದಿನವನಿಗೆ ‘ಚಾರ್ಜ್’ ಕೊಡುತ್ತಾನೆ. ಬೀಗದ ಕೈಗಳು, ಟೋಕನ್ನುಗಳು, ದೀಪಗಳು, ತಿಜೋರಿಯ ಹಣ, ಯಾವ ಗಾಡಿಯು ಎಲ್ಲಿ ಇದೆ ಎಂಬ ವಿವರ ಎಲ್ಲವನ್ನೂ ಬರೆದು, ಓದಿ, ಇಬ್ಬರೂ ಸಹಿ ಮಾಡುತ್ತಾರೆ. ಚಾರ್ಜ್ ತೆಗೆದುಕೊಂಡವನು ಆ ದೀಪಗಳಿಗೆ ಒಡೆಯನಲ್ಲ. ಆದರೆ ಅವುಗಳನ್ನು ಮುಟ್ಟದೆ ಇಡುವ ಕಾವಲುಗಾರನೂ ಅಲ್ಲ. ಅವನು ಅವುಗಳನ್ನು ಉರಿಸಲೇಬೇಕು. ಉರಿಯುತ್ತಿರುವ ಸ್ಥಿತಿಯಲ್ಲಿಯೇ ಮುಂದಿನವನಿಗೆ ಒಪ್ಪಿಸಬೇಕು. ದೀಪವು ಕೆಟ್ಟಿದ್ದರೆ ‘ಹಿಂದಿನವರ ಕಾಲದಿಂದ ಇದು ಹೀಗೆಯೇ ಇದೆ’ ಎಂಬ ನೆಪವು ನಡೆಯುವುದಿಲ್ಲ. ಹಿರಿಯರಿಂದ ಬಂದ ವಸ್ತುಗಳಲ್ಲಿ ಕೆಲಸ ಮಾಡಬಲ್ಲ ವಸ್ತುಗಳೆಲ್ಲವೂ ಈ ಜಾತಿಯವು ಎಂದು ನಮ್ಮ ಅಭಿಪ್ರಾಯ. ಅವು ನಮ್ಮ ಪಾಳಿಯ ಕಾಲಕ್ಕೆ ಮಾತ್ರ ನಮ್ಮವು.

ಈ ನಿಶ್ಚಯವು ಆದ ಮೇಲೆ ದುರಸ್ತಿಯ ಪ್ರಯತ್ನವನ್ನು ಆರಂಭಿಸಿದೆವು. ಮೊದಲು ಕೊಟ್ಟ ಅಂಗಡಿಯವರು ಷಟರ್ ಸಡಿಲವಾಗಲೆಂದು ಅದಕ್ಕೆ ಎಣ್ಣೆ ಬಿಟ್ಟು ಹಿಂದಿರುಗಿಸಿದರು. ಎರಡು ದಿನ ಓಡಿ, ಮೂರನೆಯ ದಿನ ಮತ್ತಷ್ಟು ಗಟ್ಟಿಯಾಗಿ ನಿಂತಿತು. ಆ ಮೇಲೆ ಫೋರ್ಟ್ ಭಾಗದ ಒಂದು ಮಹಡಿಯ ಮೇಲೆ ಕುಳಿತು ಕೆಲಸ ಮಾಡುವ ವಯೋವೃದ್ಧ ಕುಶಲಕರ್ಮಿಯೊಬ್ಬರನ್ನು ಸ್ನೇಹಿತರು ತೋರಿಸಿಕೊಟ್ಟರು. ಷಟರಿನ ತೆಳುವಾದ ಎಲೆಗಳು ಒಣಗಿಯೇ ಓಡಬೇಕು, ಅವಕ್ಕೆ ಎಣ್ಣೆ ತಗಲಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ಅವರು ಮೊದಲ ದಿನವೇ ಹೇಳಿದರು. ಪಕ್ಕದಲ್ಲಿ ಕುಳಿತು ನೋಡಲು ನಮಗೆ ಅನುಮತಿಯನ್ನೂ ಕೊಟ್ಟರು.

ಕೈಗೆ ಬರದಿದ್ದುದು ದೂರವನ್ನು ಹೊಂದಿಸುವ ಉಂಗುರ. ಈ ಕ್ಯಾಮೆರಾದಲ್ಲಿ ಮುಂದಿನ ಗಾಜು ಹಿತ್ತಾಳೆಯ ತಿರುಪಿನ ಮೇಲೆ ತಿರುಗಿ ಮುಂದೆ ಹಿಂದೆ ಸರಿಯಬೇಕು. ಸುಲಭವಾಗಿ ತಿರುಗಲೆಂದು ಕಾರ್ಖಾನೆಯಲ್ಲಿ ಅಲ್ಲಿ ಹಸಿರು ಬಣ್ಣದ ಒಂದು ಗ್ರೀಸನ್ನು ಹಚ್ಚುತ್ತಿದ್ದರು. ಅದು ದಶಕಗಳು ಕಳೆದಂತೆ ಒಣಗಿ ಗೋಂದಿನಂತೆ ಗಟ್ಟಿಯಾಗುತ್ತದೆ. ಈ ಕ್ಯಾಮೆರಾಗಳಿಗೆಲ್ಲ ಇರುವ ಪ್ರಸಿದ್ಧವಾದ ರೋಗವಿದು. ಬಲದಿಂದ ತಿರುಗಿಸಿದರೆ ಮುಂದಿನ ಗಾಜಿನ ಜೊತೆಗೆ ನಡುವಿನ ಗಾಜೂ ಬಿಚ್ಚಿಕೊಂಡು ಬರುತ್ತದೆ. ಉಂಗುರವು ತಿರುಗಿದಂತೆ ತೋರುತ್ತದೆ, ಚಿತ್ರವು ಮಾತ್ರ ಎಲ್ಲಿಯೂ ಸ್ಪಷ್ಟವಾಗುವುದಿಲ್ಲ. ಬಿಸಿಗಾಳಿಯನ್ನು ಊದಿ, ದ್ರಾವಕದ ಹನಿಗಳನ್ನು ಬಿಟ್ಟು, ಒಂದು ರಾತ್ರಿ ಕಾದು, ಮತ್ತೆ ಹನಿ ಬಿಟ್ಟು, ಹೀಗೆ ಆರು ದಿನಗಳ ಮೇಲೆ ಅದು ಬಿಟ್ಟುಕೊಂಡಿತು. ಚಲನೆಗೆ ಅನುಕೂಲವಾಗಲೆಂದು ಹಚ್ಚಿದುದೇ ಕಾಲಾಂತರದಲ್ಲಿ ಚಲನೆಯನ್ನು ತಡೆಯುವ ಬಂಧವಾಗುವುದನ್ನು ಕಣ್ಣಾರೆ ಕಂಡೆವು. ಮನೆತನಗಳಲ್ಲಿ ಉಳಿದು ಬಂದಿರುವ ಎಷ್ಟೋ ಅಭ್ಯಾಸಗಳ ಸ್ಥಿತಿಯೂ ಇದೇ ಆಗಿರಬಹುದು. ಅವುಗಳನ್ನು ಮುರಿಯಲೂಬಾರದು, ಹಾಗೆಯೇ ಬಿಡಲೂಬಾರದು. ಬಿಡಿಸಿ, ತೊಳೆದು, ಹೊಸ ಗ್ರೀಸನ್ನು ಹಚ್ಚಿ ಮತ್ತೆ ಕೂಡಿಸಬೇಕು. ಕೂಡಿಸುವಾಗಲೂ ಅಳತೆ ಬೇಕು. ಫಿಲ್ಮು ಕೂರುವ ಜಾಗದಲ್ಲಿ ಮಸುಕು ಗಾಜನ್ನು ಇಟ್ಟು, ಕಿಟಕಿಯಿಂದ ಬಹುದೂರದ ಕಟ್ಟಡವೊಂದನ್ನು ನೋಡುತ್ತ, ಅದರ ಬಿಂಬವು ಅತ್ಯಂತ ಸ್ಪಷ್ಟವಾದ ಸ್ಥಾನದಲ್ಲಿ ಉಂಗುರವನ್ನು ‘ಅನಂತ’ದ ಗುರುತಿಗೆ ಬಿಗಿದರು. ಅನಂತವು ಸರಿಯಾದರೆ ಹತ್ತಿರದವೆಲ್ಲವೂ ತಾವಾಗಿ ಸರಿಯಾಗುತ್ತವೆ ಎಂದರು.

ಕತ್ತಲೆಯ ಕೋಣೆಯಲ್ಲಿ ತಿದಿಯೊಳಗೆ ಟಾರ್ಚನ್ನು ಇಟ್ಟು ನೋಡಿದಾಗ ಮಡಿಕೆಗಳ ಮೂಲೆಗಳಲ್ಲಿ ನಕ್ಷತ್ರಗಳಂತೆ ರಂಧ್ರಗಳು ಹೊಳೆದವು. ತಿದಿಯನ್ನೇ ಬದಲಾಯಿಸಬೇಕಾಯಿತು. ಇಲ್ಲಿ ತಮ್ಮನು ದೂರವಾಣಿಯಲ್ಲಿ ಇನ್ನೊಂದು ಆಕ್ಷೇಪವನ್ನು ಎತ್ತಿದನು: “ತಿದಿ ಹೊಸದು, ಗ್ರೀಸು ಹೊಸದು. ಹಾಗಾದರೆ ಇದು ತಂದೆಯವರ ಕ್ಯಾಮೆರಾವೇ?” ತಾರ್ಕಿಕರಿಗೆ ಇದು ಹಳೆಯ ಪ್ರಶ್ನೆ. ಅವಯವವು ನಾಶವಾದರೆ ಹಿಂದಿನ ಅವಯವಿಯು ನಾಶವಾಗಿ ಇನ್ನೊಂದು ಅವಯವಿಯು ಹುಟ್ಟುತ್ತದೆಂದು ನ್ಯಾಯವೈಶೇಷಿಕರು ಹೇಳುತ್ತಾರೆ. ಲೋಕವ್ಯವಹಾರವಾದರೋ ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯಿಂದ ನಡೆಯುತ್ತದೆ. ಉಗಿಯಂತ್ರಗಳ ಕಾಲದಲ್ಲಿ ಕಾರ್ಯಾಗಾರಕ್ಕೆ ಹೋದ ಇಂಜಿನ್ನು ಬಾಯ್ಲರನ್ನೇ ಬದಲಾಯಿಸಿಕೊಂಡು ಬರುತ್ತಿತ್ತು. ಅದರ ಸಂಖ್ಯೆಯು ಬದಲಾಗುತ್ತಿರಲಿಲ್ಲ, ಡ್ರೈವರನು ಅದನ್ನು ಹಳೆಯ ಸ್ನೇಹಿತನಂತೆಯೇ ಮಾತನಾಡಿಸುತ್ತಿದ್ದನು. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಿರ್ಮಾಣವಾದ ‘ಫೇರಿ ಕ್ವೀನ್’ ಇಂಜಿನ್ನು 1909ರಲ್ಲಿ ನಿವೃತ್ತವಾಗಿ, ಮುಂದೆ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿತ್ತು. 1997ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ಹಳಿಯ ಮೇಲೆ ಓಡಿಸಿದರು. ನಿಯಮಿತವಾಗಿ ಓಡುವ ಅತ್ಯಂತ ಹಳೆಯ ಉಗಿ ಇಂಜಿನ್ನೆಂದು 1998ರಲ್ಲಿ ಗಿನ್ನೆಸ್ ಪುಸ್ತಕವು ಅದನ್ನು ಗುರುತಿಸಿತು. ನಿಂತಿದ್ದಾಗ ಅದು ಇಂಜಿನ್ನಿನ ಪ್ರತಿಮೆ, ಓಡಿದಾಗ ಇಂಜಿನ್ನು. ಕ್ಯಾಮೆರಾವು ಚಿತ್ರವನ್ನು ಹಿಡಿಯುವುದರಿಂದ ಕ್ಯಾಮೆರಾ. ಹಳೆಯ ತಿದಿಯನ್ನು ಉಳಿಸಿ ಆ ಶಕ್ತಿಯನ್ನು ಕಳೆಯುವುದಕ್ಕಿಂತ, ಹೊಸ ತಿದಿಯಿಂದ ಆ ಶಕ್ತಿಯನ್ನು ಉಳಿಸಿದರೆ ಅದೇ ಹೆಚ್ಚು ‘ತಂದೆಯವರ ಕ್ಯಾಮೆರಾ’ ಎಂದು ತಮ್ಮನಿಗೆ ಹೇಳಿದೆವು.

ಆದರೆ ಎಲ್ಲವನ್ನೂ ಹೊಸದಾಗಿಸುವುದು ಜೀರ್ಣೋದ್ಧಾರವಲ್ಲ. ಮೇಲಿನ ಲೋಹದ ಅಂಚಿನಲ್ಲಿ ಬಣ್ಣವು ಸವೆದು ಹೊಳೆಯುವ ಒಂದು ಜಾಗವಿದೆ. ಬಲಗೈಯ ಹೆಬ್ಬೆರಳು ಅಲ್ಲಿಯೇ ಕೂರುತ್ತದೆ. ಅದಕ್ಕೆ ಬಣ್ಣ ಹಚ್ಚಲೇ ಎಂದು ನಾವೇ ಕೇಳಿದೆವು. ಆ ವೃದ್ಧರು ತಲೆಯಲ್ಲಾಡಿಸಿ, “ಕೆಲಸಕ್ಕೆ ಅಡ್ಡಬಂದುದನ್ನು ತೆಗೆಯಬೇಕು, ಕೈಯ ಗುರುತನ್ನು ಬಿಡಬೇಕು” ಎಂದು ಹಿಂದಿಯಲ್ಲಿ ಹೇಳಿದರು. ಜೀರ್ಣೋದ್ಧಾರದ ಲಕ್ಷಣವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದುದನ್ನು ನಾವು ಕೇಳಿಲ್ಲ. ಲೆನ್ಸಿನ ಬೂಷ್ಟನ್ನು ತೆಗೆದರೂ ಅದರ ಆಮ್ಲವು ಗಾಜನ್ನು ಕೊರೆದ ಸಣ್ಣ ಗೆರೆಗಳು ಒಂದು ಮೂಲೆಯಲ್ಲಿ ಉಳಿದಿವೆ. ಅವು ನಮ್ಮ ಕೈಯ ಗುರುತುಗಳು. ಅವೂ ಇರಲಿ.

ಇಷ್ಟಾದ ಮೇಲೂ ಒಂದು ಗಂಭೀರವಾದ ಆಕ್ಷೇಪವು ಉಳಿಯುತ್ತದೆ. ಇದು ಮೋಹವಲ್ಲವೇ? ಜಡವಸ್ತುವಿನ ಮೇಲೆ ಇಷ್ಟು ಹಣ, ಇಷ್ಟು ಕಾಲ ಕಳೆಯುವುದಕ್ಕಿಂತ ಒಬ್ಬ ಬಡ ವಿದ್ಯಾರ್ಥಿಯ ಶುಲ್ಕವನ್ನು ಕಟ್ಟಬಹುದಿತ್ತಲ್ಲವೇ? ಈ ಮಾತಿಗೆ ಚತುರವಾದ ಉತ್ತರವನ್ನು ಕೊಡಲು ನಮಗೆ ಇಷ್ಟವಿಲ್ಲ. ಶುಲ್ಕವನ್ನು ಕಟ್ಟಬೇಕಾದುದು ಸರಿ. ಅದು ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಇರುವ ಕರ್ತವ್ಯ. ಒಂದು ಕರ್ತವ್ಯವನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳುವವನು ಸಾಮಾನ್ಯವಾಗಿ ಎರಡನ್ನೂ ಮಾಡುವುದಿಲ್ಲ. ಮೋಹದ ಪ್ರಶ್ನೆಗೆ ಮಾತ್ರ ಒಂದು ಪರೀಕ್ಷೆಯಿದೆ. ಮೋಹವು ವಸ್ತುವನ್ನು ತನ್ನ ಬಳಿಯೇ ಇರಿಸಿಕೊಳ್ಳಬಯಸುತ್ತದೆ; ಚಾರ್ಜ್ ತೆಗೆದುಕೊಂಡವನು ಒಪ್ಪಿಸುವ ಗಳಿಗೆಗೆ ಸಿದ್ಧನಾಗಿರುತ್ತಾನೆ. ‘ಇದನ್ನು ನಾಳೆಯೇ ಇನ್ನೊಬ್ಬರ ಕೈಗೆ ಕೊಡಬಲ್ಲೆನೇ?’ ಎಂದು ಕೇಳಿಕೊಂಡಾಗ ಮನಸ್ಸು ಹಿಂಜರಿದರೆ ಅದು ಮೋಹ. ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಕಾಲದಲ್ಲಿ ನಮ್ಮ ಮನಸ್ಸು ಹಿಂಜರಿಯುತ್ತಿತ್ತು.

ಇದರಿಂದ ಹಳೆಯದೆಲ್ಲವನ್ನೂ ಕೂಡಿಡಬೇಕೆಂದು ಯಾರೂ ಅರ್ಥಮಾಡಬಾರದು. ಎರಡು ಕೋಣೆಗಳ ಮನೆಯಲ್ಲಿ ಬದುಕುವ ನಮ್ಮಂತಹ ಪ್ರವಾಸಿ ಕುಟುಂಬಗಳಿಗೆ ಅದು ಸಾಧ್ಯವೂ ಅಲ್ಲ. ಧಾರವಾಡದ ಮನೆಯ ಬೀಸುವ ಕಲ್ಲು, ಹಂಡೆ, ಕಂಬಗಳನ್ನು ಬಿಟ್ಟೇ ಬಂದೆವು. ವಸ್ತುವು ಇನ್ನೂ ತನ್ನ ಕೆಲಸವನ್ನು ಮಾಡಬಲ್ಲುದೇ? ಅದನ್ನು ಮಾಡಿಸಬಲ್ಲವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಕಲಿಯಲು ಇಷ್ಟವುಳ್ಳ ಒಬ್ಬ ಕಿರಿಯರಾದರೂ ಇದ್ದಾರೆಯೇ? ಮೂರಕ್ಕೂ ಹೌದೆಂದಾದರೆ ದುರಸ್ತಿ ಮಾಡಿಸಬೇಕು. ಇಲ್ಲವಾದರೆ ಉಪಯೋಗಿಸುವವರಿಗೆ ಕೊಡಬೇಕು, ಅಥವಾ ಅರಿತವರ ಸಂಗ್ರಹಕ್ಕೆ ಒಪ್ಪಿಸಬೇಕು. ದೆಹಲಿಯ ಸಮೀಪದ ಗುರುಗ್ರಾಮದಲ್ಲಿ 2019ರಲ್ಲಿ ತೆರೆದ ಮ್ಯೂಸಿಯೊ ಕ್ಯಾಮೆರಾ ಎಂಬ ಸಂಗ್ರಹಾಲಯವು ಇಂತಹ ಕ್ಯಾಮೆರಾಗಳಿಗಾಗಿಯೇ ಸ್ಥಾಪಿತವಾದುದು. ತಾನೂ ಉಪಯೋಗಿಸದೆ, ಪರರಿಗೂ ಕೊಡದೆ, ಹೂವು ಏರಿಸುವುದೊಂದು ಮಾತ್ರ ಕೂಡದು.

ಐಸೊಲೆಟ್ಟಿನ ಪುಣ್ಯವೆಂದರೆ ಅದಕ್ಕೆ ಬೇಕಾದ ಫಿಲ್ಮು ಇಂದಿಗೂ ಸಿಗುತ್ತದೆ. ಕೊಡಕ್ ಸಂಸ್ಥೆಯು 1901ರಲ್ಲಿ ಹೊರತಂದ 120ರ ಅಳತೆಯನ್ನು ಈಗಲೂ ತಯಾರಿಸುತ್ತಿದ್ದಾರೆ. ಬೆಲೆ ಮಾತ್ರ ದುಬಾರಿ. ಮೊಮ್ಮಗಳು, “ಹನ್ನೆರಡೇ ಏಕೆ?” ಎಂದು ಕೇಳಿದಳು. ಮೊದಲನೆಯ ಸುರುಳಿಯಲ್ಲಿ ಐದು ಚಿತ್ರಗಳು ಕತ್ತಲಾದವು, ಎರಡರಲ್ಲಿ ನಮ್ಮ ತಲೆಯೇ ಇರಲಿಲ್ಲ. ಎರಡನೆಯ ಸುರುಳಿಯಲ್ಲಿ ಆಕೆ ಪ್ರತಿ ಚಿತ್ರಕ್ಕೂ ಮುನ್ನ ಹೆಜ್ಜೆಗಳಿಂದ ದೂರವನ್ನು ಅಳೆದು, ಬೆಳಕನ್ನು ನೋಡಿ, ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಳ್ಳೆಂದು ನಾವು ಹೇಳಿರಲಿಲ್ಲ. ನಮ್ಮ ತಂದೆಯವರೂ ಹಾಗೆಯೇ ಬರೆಯುತ್ತಿದ್ದರೆಂಬುದನ್ನು ಆ ಮೇಲೆ ಹೇಳಿದೆವು.

ತಂದೆಯವರ ಕೊನೆಯ ಫಿಲ್ಮಿನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅದು ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಎಂಬ ಕಪ್ಪುಬಿಳುಪು ಫಿಲ್ಮು. ಫೋರ್ಟಿನ ಆ ವೃದ್ಧರೇ ಅದನ್ನು ಬಹು ಎಚ್ಚರಿಕೆಯಿಂದ ತೊಳೆದರು. ನಾವು ಎಳೆದ ಹೊರಸುತ್ತಿನ ನಾಲ್ಕು ಚಿತ್ರಗಳು ಪೂರ್ತಿ ಕಪ್ಪು. ಒಳಸುತ್ತಿನ ಮೂರು ಉಳಿದಿದ್ದವು, ಮಂಜಿನೊಳಗಿಂದ ನೋಡಿದಂತೆ. ಒಂದರಲ್ಲಿ ತುಳಸಿಯ ಕಟ್ಟೆ. ಒಂದರಲ್ಲಿ ನಮ್ಮ ತಾಯಿಯವರ ಬೆನ್ನು, ಕೈಯಲ್ಲಿ ಬುತ್ತಿಯ ಗಂಟು. ಮೂರನೆಯದು ಧಾರವಾಡದ ಪ್ಲಾಟ್‌ಫಾರ್ಮ್. ಮಿರಜಿನ ಕಡೆಗೆ ಹೋಗುತ್ತಿರುವ ಮೀಟರ್‌ಗೇಜ್ ಗಾಡಿಯ ಕೊನೆಯ ಬೋಗಿ, ಅದರ ಹಿಂದಿನ ಬಾಲದೀಪ.

ಪ್ರತಿ ವರ್ಷ ದೀಪಾವಳಿಯ ರಜೆಯನ್ನು ಮುಗಿಸಿ ನಾವು ಆ ಗಾಡಿಯಲ್ಲಿಯೇ ಮುಂಬಯಿಗೆ ಹೊರಡುತ್ತಿದ್ದೆವು. ಜಾಗ ಹಿಡಿಯುವ ಗಡಿಬಿಡಿಯಲ್ಲಿ ತಂದೆಯವರ ಕಡೆಗೆ ಒಮ್ಮೆ ಕೈಬೀಸಿ ಒಳಗೆ ಹೋಗಿಬಿಡುತ್ತಿದ್ದೆವು. ಅವರು ನಿಂತಿರುತ್ತಿದ್ದರೆಂಬುದು ನಮಗೆ ಗೊತ್ತಿರಲಿಲ್ಲ. ಕೊನೆಯ ಬೋಗಿಯ ಬಾಲದೀಪವನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿಯು ಪೂರ್ಣವಾಗಿ ದಾಟಿತೆಂದು ಸ್ಟೇಷನ್ ಮಾಸ್ತರನು ಒಪ್ಪಬೇಕು. ನಡುವೆ ಯಾವ ಬೋಗಿಯೂ ಕಳಚಿ ಉಳಿದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ನಿವೃತ್ತರಾದ ಮೇಲೂ ಅವರು ಆ ನಿಯಮವನ್ನು ಬಿಟ್ಟಿರಲಿಲ್ಲ.

ಮೊಮ್ಮಗಳಿಗಾಗಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆ: ಆಗ್ಫಾ ಐಸೊಲೆಟ್, ಒಂದು, ಷಟರ್ ಸರಿಯಾಗಿದೆ, ತಿದಿ ಹೊಸದು, ಲೆನ್ಸಿನ ಮೂಲೆಯಲ್ಲಿ ಗೆರೆಗಳಿವೆ, ಕಾರಣ ಹಿಂದಿನ ಪಾಳಿಯವರ ಅಜ್ಞಾನ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುವುದು, ತಿಂಗಳಿಗೊಮ್ಮೆ ಹೊರಗೆ ತೆಗೆದು ಎಲ್ಲ ವೇಗಗಳಲ್ಲಿಯೂ ಓಡಿಸುವುದು, ಬಾಗಿಲನ್ನು ತೆರೆಯುವ ಮೊದಲು ಕೆಂಪು ಕಿಟಕಿಯನ್ನು ನೋಡುವುದು. ಕೆಳಗೆ ನಮ್ಮ ಸಹಿ ಇದೆ. ಪಕ್ಕದಲ್ಲಿ ಆಕೆಯ ಸಹಿಗೆ ಜಾಗ ಬಿಟ್ಟಿದ್ದೇವೆ.